ಅಮ್ಮನ ಸೆಕೆ

ಡಿಸೆಂಬರಿನ ಒಂದು ರಾತ್ರಿ. ಮಲೆನಾಡಿನ ಚಳಿಗೆ ನಾವೆಲ್ಲ ಕಂಬಳಿಯೊಳಗೆ ಮುದುಡಿದ್ದರೆ ಅಮ್ಮ ಎದ್ದು ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಕುತ್ತಿಗೆಯ ಬೆವರಿಗೆ ಕರಿಮಣಿ ಸರ ಅಂಟಿಕೊಂಡಿತ್ತು. "ಕಿಟಕಿ ಸ್ವಲ್ಪ ತೆಗಿಯೇ, ಒಳಗಿಂದ ಬೆಂಕಿ ಬಂದ ಹಾಗೆ ಆಗ್ತಿದೆ" ಎಂದಳು. ಸ್ವಲ್ಪ ಹೊತ್ತಿಗೆ ಅದೇ ಅಮ್ಮ ನಡುಗುತ್ತ ಕಂಬಳಿ ಎಳೆದುಕೊಂಡಳು. ಮುಟ್ಟು ನಿಲ್ಲೋ ವಯಸ್ಸು, ಎಲ್ಲರಿಗೂ ಇದ್ದದ್ದೇ ಎಂದಳು ಅಜ್ಜಿ. ಆ ಬೆಂಕಿ ಹೊತ್ತಿಕೊಂಡದ್ದು ಎಲ್ಲಿ ಎಂದು ಮಾತ್ರ ನಾವ್ಯಾರೂ ಕೇಳಲಿಲ್ಲ.

ಅದು ಹೊತ್ತಿಕೊಂಡದ್ದು ಮಿದುಳಿನ ಬುಡದಲ್ಲಿ, ಹೈಪೊಥಾಲಮಸ್ ಎಂಬ ಬಾದಾಮಿಯಷ್ಟು ಜಾಗದಲ್ಲಿ. ಅಲ್ಲಿನ ಕೆಲವು ನರಕೋಶಗಳ ಬಳಿ ಕಿಸ್‌ಪೆಪ್ಟಿನ್, ನ್ಯೂರೋಕೈನಿನ್ ಬಿ, ಡೈನಾರ್ಫಿನ್ ಎಂಬ ಮೂವರು ರಾಸಾಯನಿಕ ದೂತರಿದ್ದಾರೆ. ಹೆಣ್ಣು ಮೈನೆರೆಯುವುದರಿಂದ ಹಿಡಿದು ತಿಂಗಳು ತಿಂಗಳ ಮುಟ್ಟಿನವರೆಗೆ ತಾಳ ಹಾಕುವವು ಈ ಕೋಶಗಳೇ. ಪಿಟ್ಯುಟರಿ ಗ್ರಂಥಿಯ ಮೂಲಕ ಇವು ಅಂಡಾಶಯವನ್ನು ಕರೆಯುತ್ತವೆ. ಅಂಡಾಶಯ ಈಸ್ಟ್ರೋಜನ್ ಕಳಿಸಿ ಓಗೊಡುತ್ತದೆ. ಓಗೊಟ್ಟ ಮೇಲೆ ಕರೆ ತಗ್ಗುತ್ತದೆ.

ಐವತ್ತರ ಆಸುಪಾಸಿನಲ್ಲಿ ಆ ಓಗೊಡುವ ದನಿ ಕ್ಷೀಣಿಸುತ್ತದೆ. ಅಮೆರಿಕದ ವಿಜ್ಞಾನಿ ನೇಯೋಮಿ ರಾನ್ಸ್, ತೀರಿಕೊಂಡ ಹೆಂಗಸರ ಮಿದುಳುಗಳನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸಿ 1990ರಲ್ಲಿ ಒಂದು ಸಂಗತಿ ತಿಳಿಸಿದರು: ಮುಟ್ಟು ನಿಂತವರಲ್ಲಿ ಹೈಪೊಥಾಲಮಸಿನ ಈ ನರಕೋಶಗಳು ಹಿಗ್ಗಿ ದೊಡ್ಡವಾಗಿದ್ದವು. ಅವುಗಳಲ್ಲಿ ನ್ಯೂರೋಕೈನಿನ್ ಬಿ ತಯಾರಿಯೂ ಹೆಚ್ಚಿರುವುದು ಆಮೇಲೆ ಗೊತ್ತಾಯಿತು. ಉತ್ತರ ಬಾರದಷ್ಟೂ ಅವು ದನಿಯೇರಿಸಿ ಕೂಗುತ್ತಿದ್ದವು!

ಮೈಯ ಬಿಸಿಯನ್ನು ನೋಡಿಕೊಳ್ಳುವ ಕೇಂದ್ರವೂ ಅದೇ ಹೈಪೊಥಾಲಮಸಿನ ಸೀಮೆಯಲ್ಲಿದೆ. ಈ ಕೂಗು ಅದಕ್ಕೂ ಮುಟ್ಟುತ್ತದೆ. ಮೈ ಕಾದುಹೋಗಿದೆಯೆಂದು ಅದು ತಿಳಿಯುತ್ತದೆ. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಮುಖ ಕೆಂಪಾಗುತ್ತದೆ, ಬೆವರು ಕಿತ್ತುಬರುತ್ತದೆ. ಇದ್ದ ಬಿಸಿ ಹೊರಗೆ ಹೋದ ಮೇಲೆ ಚಳಿ ಹಿಡಿಯುತ್ತದೆ. ಅಮ್ಮ ಕಂಬಳಿ ಎಳೆದುಕೊಂಡದ್ದು ಅದಕ್ಕೆ. ನ್ಯೂರೋಕೈನಿನ್ ಬಿ ಎಂಬ ಒಬ್ಬ ದೂತನನ್ನು ತಡೆದರೆ ಸೆಕೆ ಇಳಿಯುತ್ತದೆ. ಅಂಥದೊಂದು ಮಾತ್ರೆಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆಯೂ ಸಿಕ್ಕಿದೆ.

ವಯಸ್ಸಾಗುವುದೆಂದರೆ ಒಂದೊಂದೇ ದೀಪ ಆರುವುದು ಎಂದುಕೊಂಡಿದ್ದೆ. ಇಲ್ಲಿ ನೋಡಿದರೆ, ಹತ್ತಾರು ವರ್ಷ ತಪ್ಪದೆ ಕರೆದ ಕೋಶಗಳು ಮನೆ ಖಾಲಿಯಾದ ಮೇಲೂ ಬಾಗಿಲು ಬಡಿಯುತ್ತಿವೆ. ಆ ನಿಷ್ಠೆಯನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಿಮ್ಮ ಮನೆಯಲ್ಲೂ ಯಾರಾದರೂ ಚಳಿಗಾಲದ ರಾತ್ರಿ ಸೆಕೆ ಎಂದರೆ ನಂಬಿ. ಎದ್ದು ಕಿಟಕಿ ತೆಗೆಯಿರಿ. ಕಷ್ಟ ಹೆಚ್ಚಾದರೆ ಡಾಕ್ಟರ ಹತ್ತಿರ ನೀವೇ ಕರೆದುಕೊಂಡು ಹೋಗಿ.