ಕೂತಲ್ಲೇ ಬರುವ ಕೋಪ





ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಕಾಲೇಜಿಗೆ ಹೋಗುವ ಹುಡುಗಿಯೊಬ್ಬಳು ಒಂದು ಪ್ರಶ್ನೆ ಕೇಳಿದಳು. “ಅಣ್ಣಾ, ಕೋಪ ಬಿಡಿ ಅಂತ ಭಗವಾನ್ ಬುದ್ಧರು ಹೇಳ್ತಾರೆ. ಆದ್ರೆ ಅನ್ಯಾಯ ಕಣ್ಣೆದುರಿಗೇ ಇರುವಾಗ ಕೋಪ ಬರದೇ ಇದ್ರೆ ನಾವು ಮನುಷ್ಯರಾ? ನಮ್ಮವರಿಗೆ ಹೊಡೆದಾಗಲೂ ಕಣ್ಣು ಮುಚ್ಚಿ ಕೂತಿರಬೇಕಾ?”

ಅವಳ ಕೈಲಿದ್ದ ಫೋನಿನಲ್ಲಿ ಒಂದು ಹಳೆಯ ವಿಡಿಯೋ ಓಡುತ್ತಿತ್ತು. ಅವತ್ತು ಬೆಳಿಗ್ಗೆ ಯಾರೋ ಗ್ರೂಪಿಗೆ ಹಾಕಿದ್ದರು. ವಿಮಾನದ ಸೀಟಿನಲ್ಲಿ ಕೂತಿದ್ದ ವಯಸ್ಸಾದ ಮನುಷ್ಯನೊಬ್ಬನನ್ನು ಭದ್ರತಾ ಸಿಬ್ಬಂದಿ ಎಳೆದು, ನೆಲದ ಮೇಲೆ ದರದರನೆ ಎಳೆದುಕೊಂಡು ಹೋಗುವ ವಿಡಿಯೋ. ನಾನು ತಕ್ಷಣ ಉತ್ತರ ಕೊಡಲಿಲ್ಲ. ಆ ವಿಡಿಯೋ ನೋಡಿದರೆ ನನಗೆ ನನ್ನದೇ ಒಂದು ನಾಚಿಕೆ ನೆನಪಾಗುತ್ತದೆ. ಇವತ್ತು ಅದನ್ನು ಹೇಳಿಯೇ ಉತ್ತರ ಕೊಡುತ್ತೇನೆ.

ಮೊದಲು ನಡೆದದ್ದು ಏನು ನೋಡೋಣ. 2017ರ ಏಪ್ರಿಲ್ 9, ಭಾನುವಾರ. ಅಮೆರಿಕದ ಷಿಕಾಗೋದಿಂದ ಲೂಯಿವಿಲ್‌ಗೆ ಹೊರಟಿದ್ದ ಯುನೈಟೆಡ್ ಎಕ್ಸ್‌ಪ್ರೆಸ್ ವಿಮಾನ. ಪ್ರಯಾಣಿಕರೆಲ್ಲ ಹತ್ತಿ ಕೂತಾಗಿತ್ತು. ಆಮೇಲೆ ಕಂಪನಿಗೆ ತನ್ನದೇ ನಾಲ್ವರು ಸಿಬ್ಬಂದಿಯನ್ನು ಅದೇ ವಿಮಾನದಲ್ಲಿ ಕಳಿಸಬೇಕಾಯಿತು. ಸೀಟು ಬಿಟ್ಟುಕೊಡುವವರಿಗೆ ಮೊದಲು 400, ಆಮೇಲೆ 800 ಡಾಲರಿನ ವೋಚರ್ ಕೊಡುತ್ತೇವೆ ಅಂದರು. ಯಾರೂ ಏಳಲಿಲ್ಲ. ಆಗ ಕಂಪನಿಯೇ ನಾಲ್ವರ ಹೆಸರು ಆರಿಸಿತು. ಮೂವರು ಇಳಿದು ಹೋದರು. ನಾಲ್ಕನೆಯವರು 69 ವರ್ಷದ ವೈದ್ಯರು, ವಿಯೆಟ್ನಾಂ ಮೂಲದವರು. ನಾಳೆ ನನ್ನ ರೋಗಿಗಳು ಕಾಯುತ್ತಿರುತ್ತಾರೆ, ನಾನು ಇಳಿಯುವುದಿಲ್ಲ ಅಂದರು. ವಿಮಾನ ನಿಲ್ದಾಣದ ಭದ್ರತಾ ಸಿಬ್ಬಂದಿ ಬಂದು ಎಳೆದರು. ಮೂಗು ಮುರಿಯಿತು, ಮುಂದಿನ ಎರಡು ಹಲ್ಲು ಹೋದವು, ತಲೆಗೆ ಪೆಟ್ಟಾಯಿತು. ಸೈಗಾನ್ ಬಿದ್ದ 1975ರಲ್ಲಿ ದೇಶ ಬಿಟ್ಟು ಬಂದದ್ದಕ್ಕಿಂತ ಈ ಎಳೆದಾಟವೇ ಅವರಿಗೆ ಭಯಂಕರವಾಗಿತ್ತು ಎಂದು ಅವರ ವಕೀಲರು ಆಮೇಲೆ ಹೇಳಿದರು.

ಸಹಪ್ರಯಾಣಿಕರು ತೆಗೆದ ವಿಡಿಯೋ ಒಂದೇ ದಿನದಲ್ಲಿ ಜಗತ್ತೆಲ್ಲ ಸುತ್ತಿತು. ಕಂಪನಿಯ ಮುಖ್ಯಸ್ಥರು ಮೊದಲು ಹಲ್ಲೆಯ ಮಾತೇ ಎತ್ತದೆ, ಪ್ರಯಾಣಿಕರಿಗೆ ಬೇರೆ ವ್ಯವಸ್ಥೆ ಮಾಡಬೇಕಾಗಿ ಬಂದದ್ದಕ್ಕೆ ಕ್ಷಮೆ ಕೇಳಿದರು. ತಮ್ಮ ನೌಕರರಿಗೆ ಬರೆದ ಪತ್ರದಲ್ಲಿ ಆ ಪ್ರಯಾಣಿಕರೇ ಗಲಾಟೆ ಮಾಡಿದರು ಎಂಬರ್ಥದಲ್ಲಿ ಬರೆದರು. ಜನರ ಸಿಟ್ಟು ಇನ್ನೂ ಏರಿತು. ಏಪ್ರಿಲ್ 11ಕ್ಕೆ ಅದೇ ಮುಖ್ಯಸ್ಥರು ಪೂರ್ತಿಯಾಗಿ ತಪ್ಪೊಪ್ಪಿಕೊಂಡರು.

ಹಾಗಾದರೆ ಕೋಪ ಗೆದ್ದಿತಲ್ಲ? ಹೌದು, ಗೆದ್ದಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಕೋಪದೊಳಗೆ ಏನೇನಿತ್ತು ಅಂತ ಸ್ವಲ್ಪ ಬಿಡಿಸಿ ನೋಡಬೇಕು. ಮನಸ್ಸಿನಲ್ಲಿ ಏಳುವುದನ್ನು ಬಿಡಿಸಿ ನೋಡುವುದೇ ತಾನೇ ನಾವು ಕಲಿಯುತ್ತಿರುವುದು?

ಒಂದು: ಆ ವೈದ್ಯರು ಚೀನಾದವರು ಎಂದುಕೊಂಡು ಚೀನಾದಲ್ಲಿ ದೊಡ್ಡ ಆಕ್ರೋಶವೆದ್ದಿತು. ನಮ್ಮವನಿಗೆ ಹೀಗೆ ಮಾಡಿದರಲ್ಲ ಎಂಬ ಕೋಪ. ಅವರು ಹುಟ್ಟಿದ್ದು ವಿಯೆಟ್ನಾಮಿನಲ್ಲಿ. ಪೆಟ್ಟು ತಿಂದವನು ನಮ್ಮವನಾದರೆ ಮಾತ್ರ ನೋಯುವುದಾದರೆ, ಅದು ಕರುಣೆಯೋ, ನಮ್ಮ ಗುಂಪಿನ ಮೇಲಿನ ಅಭಿಮಾನವೋ?

ಎರಡು: ಕೆಲವೇ ದಿನಗಳಲ್ಲಿ ಪತ್ರಿಕೆಗಳು ಆ ವೈದ್ಯರ ಹಳೆಯ ಬದುಕನ್ನು ಕೆದಕಿ ಬರೆದವು. ಸೀಟಿನಲ್ಲಿ ಕೂತವನನ್ನು ರಕ್ತ ಬರುವಂತೆ ಎಳೆದದ್ದಕ್ಕೂ ಅವನ ಹತ್ತಾರು ವರ್ಷ ಹಿಂದಿನ ಬದುಕಿಗೂ ಏನು ಸಂಬಂಧ? ಇದು ನಮಗೆ ಹೊಸದಲ್ಲ. ನಮ್ಮ ಕೇರಿಯ ಹುಡುಗನಿಗೆ ಹೊಡೆದರು ಅಂದರೆ ಊರು ಕೇಳುವ ಮೊದಲ ಪ್ರಶ್ನೆ “ಅವನೇನು ಮಾಡಿದ್ನಂತೆ?” ಎಂಬುದೇ. ಮನುಷ್ಯನಿಗೆ ಸಿಗಬೇಕಾದ ಗೌರವಕ್ಕೆ ಒಳ್ಳೆಯ ನಡತೆಯ ಸರ್ಟಿಫಿಕೇಟು ಬೇಕಿಲ್ಲ. ಪೆಟ್ಟು ತಿಂದವನು ಸಂತನಾಗಿರಬೇಕು ಎಂದು ಕಾಯುವ ಕರುಣೆ ಕರುಣೆಯೇ ಅಲ್ಲ.

ಮೂರನೆಯದು ನನ್ನದೇ ಕಥೆ.

ಆ ವಿಡಿಯೋ ಬಂದ ವಾರವೇ ಬಾಬಾಸಾಹೇಬರ ಜಯಂತಿ. ಏಪ್ರಿಲ್ 14ರ ಬೆಳಿಗ್ಗೆ ನಂಜನಗೂಡಿನಿಂದ ಮೈಸೂರಿಗೆ ಬಸ್ಸಿನಲ್ಲಿ ಹೊರಟಿದ್ದೆ. ಒಂದು ಸಭೆಯಲ್ಲಿ ಸಮಾನತೆಯ ಬಗ್ಗೆ ನಾನು ಮಾತಾಡಬೇಕಿತ್ತು. ಭಾಷಣ ಬರೆದ ಕಾಗದ ಜೇಬಿನಲ್ಲಿತ್ತು. ಫೋನಿನಲ್ಲಿ ಆ ವಿಡಿಯೋವನ್ನು ನಾಲ್ಕು ಗ್ರೂಪಿಗೆ ಕಳಿಸಿ, ಕೆಳಗೆ ಬಿಸಿಬಿಸಿಯಾಗಿ ನಾಲ್ಕು ಸಾಲು ಬರೆದಿದ್ದೆ.

ದಾರಿಯಲ್ಲಿ ಪೌರಕಾರ್ಮಿಕ ಅಮ್ಮ ಒಬ್ಬರು ಹತ್ತಿದರು. ಬೆಳಗಿನ ಕೆಲಸ ಮುಗಿಸಿ ಬಂದವರು, ಕೈಯಲ್ಲಿ ಉದ್ದನೆಯ ಪೊರಕೆ. ಮುಂದೆ ಖಾಲಿಯಿದ್ದ ಸೀಟಿನಲ್ಲಿ ಕೂತರು. ಪಕ್ಕದಲ್ಲಿದ್ದವರು ಮೂಗಿಗೆ ಕರ್ಚೀಫು ಹಿಡಿದು ಕಂಡಕ್ಟರನ್ನು ಕರೆದರು. ಕಂಡಕ್ಟರ್ ಬಂದು, “ಅಮ್ಮ, ಎದ್ದು ಹಿಂದಕ್ಕೋಗಿ ನಿಂತ್ಕಳಿ” ಅಂದ. ಆ ತಾಯಿ, “ನಾನೂ ಟಿಕೇಟ್ ತಗಂಡಿವ್ನಿ ಕಣಪ್ಪ” ಅಂದರು. ಅಷ್ಟೇ. ಆಮೇಲೆ ಪೊರಕೆ ಎತ್ತಿಕೊಂಡು ಹಿಂದಿನ ಬಾಗಿಲ ಹತ್ತಿರ ಹೋಗಿ ಕಂಬಿ ಹಿಡಿದು ನಿಂತರು.

ನಾನು ಎರಡು ಸಾಲು ಹಿಂದೆ ಕೂತಿದ್ದೆ. ನನ್ನ ಪಕ್ಕದ ಸೀಟಿನಲ್ಲಿ ನನ್ನ ಬ್ಯಾಗಿತ್ತು. ಅದನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, “ಬನ್ನಿ ಅಮ್ಮ, ಇಲ್ಲಿ ಕೂತ್ಕೊಳ್ಳಿ” ಅಂದಿದ್ದರೆ ಸಾಕಿತ್ತು. ಜಗಳವೂ ಬೇಕಿರಲಿಲ್ಲ. ಆದರೆ ನಾನು ಕಿಟಕಿಯ ಕಡೆ ನೋಡಿದೆ.

ಯಾಕೆ? ಬಹಳ ದಿನ ಈ ಪ್ರಶ್ನೆಯನ್ನು ಮುಂದೆ ತಳ್ಳುತ್ತಲೇ ಬಂದೆ. ಕೊನೆಗೆ ಒಪ್ಪಿಕೊಂಡೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತಿದ್ದ ನನ್ನನ್ನು ಆ ಬಸ್ಸಿನಲ್ಲಿ ಯಾರೂ ಗುರುತು ಹಿಡಿದಿರಲಿಲ್ಲ. ಆ ತಾಯಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಿದ್ದರೆ ನನ್ನ ಕೇರಿ ಯಾವುದು ಅಂತ ನಾಲ್ಕು ಕಣ್ಣು ಅಳೆಯುತ್ತಿದ್ದವು. ಷಿಕಾಗೋದ ವೈದ್ಯರ ಪರವಾಗಿ ಕೋಪ ಮಾಡಿಕೊಂಡರೆ ನನ್ನ ಕೇರಿಯನ್ನು ಯಾರೂ ಕೇಳುವುದಿಲ್ಲ. ಆ ಕೋಪ ನನಗೆ ಒಂದು ಪೈಸೆಯ ಖರ್ಚನ್ನೂ ತರಲಿಲ್ಲ. ಅದಕ್ಕೇ ಅದು ಅಷ್ಟು ಸುಲಭವಾಗಿ ಬಂತು.

ವಿಸುದ್ಧಿಮಗ್ಗದಲ್ಲಿ ಆಚಾರ್ಯ ಬುದ್ಧಘೋಷರು ಕರುಣೆಗೆ ಇಬ್ಬರು ಶತ್ರುಗಳನ್ನು ಗುರುತಿಸುತ್ತಾರೆ. ದೂರದ ಶತ್ರು ಕ್ರೌರ್ಯ. ಅದನ್ನು ಯಾರು ಬೇಕಾದರೂ ಗುರುತಿಸಬಹುದು. ಹತ್ತಿರದ ಶತ್ರು ಕರುಣೆಯಂತೆಯೇ ಕಾಣುವ ದುಃಖ. ಎದೆ ಭಾರವಾಗುತ್ತದೆ, ಕಣ್ಣು ತುಂಬುತ್ತದೆ, ಆದರೆ ಎಲ್ಲವೂ ನನ್ನ ಸುತ್ತಲೇ ಸುತ್ತುತ್ತದೆ. ನೊಂದವರ ತನಕ ಹೋಗಿ ಮುಟ್ಟುವುದಿಲ್ಲ. ನಾನು ಫೋನಿನಲ್ಲಿ ಬರೆದ ನಾಲ್ಕು ಸಾಲು ಅಂಥದ್ದು ಅಂತ ಈಗ ನನಗೆ ಅನಿಸುತ್ತದೆ. ಮನುಷ್ಯ ಒಬ್ಬನೇ ಇದ್ದರೆ ಧಮ್ಮದ ಅಗತ್ಯವಿಲ್ಲ, ಇಬ್ಬರು ಸೇರಿದ ಕಡೆ ಧಮ್ಮ ಬೇಕೇ ಬೇಕು ಎಂಬ ಅರ್ಥದಲ್ಲಿ ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ದಲ್ಲಿ ವಿವರಿಸುತ್ತಾರೆ. ಇಬ್ಬರು ಮನುಷ್ಯರು, ನಡುವೆ ಒಂದು ಸೀಟು. ನನ್ನ ಧಮ್ಮದ ಪರೀಕ್ಷೆ ನಡೆದದ್ದು ಅಲ್ಲಿ. ನಾನು ಫೇಲಾದೆ.

ಬಾಬಾಸಾಹೇಬರೂ ಪ್ರಯಾಣದಲ್ಲಿ ಪೆಟ್ಟು ತಿಂದವರೇ. 1929ರಲ್ಲಿ ಅಸ್ಪೃಶ್ಯರ ಕುಂದುಕೊರತೆ ವಿಚಾರಿಸುವ ಸರ್ಕಾರಿ ಸಮಿತಿಯ ಸದಸ್ಯರಾಗಿ ಅವರು ಧುಲಿಯಾಕ್ಕೆ ಹೋಗಿದ್ದರು. ವಾಪಸು ಬರುವಾಗ ಚಾಳೀಸಗಾಂವ್‌ನಲ್ಲಿ ಇಳಿದರು. ಅವರನ್ನು ಕೂರಿಸಿಕೊಂಡು ಗಾಡಿ ಹೊಡೆಯಲು ಟಾಂಗಾವಾಲಾಗಳು ಒಪ್ಪಲಿಲ್ಲ. ನಮ್ಮ ಅತಿಥಿ ನಡೆದು ಬರಬಾರದು ಎಂದು ಅಲ್ಲಿನ ಮಹಾರ್ ಬಂಧುಗಳು ಟಾಂಗಾವನ್ನು ಬಾಡಿಗೆಗೆ ಪಡೆದು, ತಮ್ಮಲ್ಲೇ ಒಬ್ಬರನ್ನು ಗಾಡಿ ಹೊಡೆಯಲು ಕೂರಿಸಿದರು. ಅವರಿಗೆ ಅಭ್ಯಾಸವಿರಲಿಲ್ಲ. ಸೇತುವೆಯ ಬಳಿ ಗಾಡಿ ಮಗುಚಿತು. ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿದುಕೊಂಡರು.

ಇದನ್ನು ಅವರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ಬರೆದಿದ್ದಾರೆ. ಓದಿದರೆ ನಮ್ಮ ರಕ್ತ ಕುದಿಯುತ್ತದೆ, ಆದರೆ ಅವರ ಬರವಣಿಗೆಯಲ್ಲಿ ಬೈಗುಳವಿಲ್ಲ. ಎಲ್ಲಿ, ಹೇಗೆ, ಯಾಕೆ ನಡೆಯಿತು ಎಂಬ ಲೆಕ್ಕವಿದೆ. ಗಾಡಿ ಹೊಡೆದ ಪಾಪದ ಮನುಷ್ಯನನ್ನು ಅವರು ಕಟಕಟೆಗೆ ಎಳೆಯುವುದಿಲ್ಲ. ಬ್ಯಾರಿಸ್ಟರನಿಗಿಂತ ಟಾಂಗಾವಾಲಾ ಮೇಲು ಎನ್ನುವ ವ್ಯವಸ್ಥೆಯನ್ನು ಬಯಲಿಗೆ ತಂದು ನಿಲ್ಲಿಸುತ್ತಾರೆ. ಕೋಪ ಅಲ್ಲಿ ಆರಿಲ್ಲ. ಬೆಂಕಿಯಾಗಿದ್ದದ್ದು ಬೆಳಕಾಗಿದೆ.

ಈಗ ಆ ಮಗಳ ಪ್ರಶ್ನೆಗೆ ಬರುತ್ತೇನೆ.

ತಂಗೀ, ಅನ್ಯಾಯ ಕಂಡಾಗ ಎದೆಯಲ್ಲಿ ಏಳುವ ಕಾವು ಪಾಪವಲ್ಲ. ಅದು ಕಣ್ಣು ತೆರೆದಿದೆ ಎಂಬುದರ ಗುರುತು. ಭಗವಾನ್ ಬುದ್ಧರು ಬಿಡಿ ಅನ್ನುವುದು ಆ ಕಾವಿಗೆ ದ್ವೇಷ ಅಂಟಿಕೊಂಡು, ಸುಡಲು ಯಾರಾದರೂ ಒಬ್ಬ ಸಿಕ್ಕರೆ ಸಾಕು ಎಂದು ಅಲೆಯುವ ಸ್ಥಿತಿಯನ್ನು. ನಮ್ಮನ್ನು ತುಳಿಯುವವರು “ಬೌದ್ಧರಾದ ಮೇಲೆ ಯಾಕೆ ಕೋಪ?” ಎಂದು ಕೇಳಿದರೆ ನಾವು ತಲೆ ತಗ್ಗಿಸಬೇಕಿಲ್ಲ. ಆದರೆ ನಮ್ಮ ಕೋಪವನ್ನು ನಾವೇ ಎರಡು ಪ್ರಶ್ನೆ ಕೇಳಬೇಕು. ನೀನು ನನ್ನನ್ನು ಸೀಟಿನಿಂದ ಎಬ್ಬಿಸಿದೆಯಾ? ನೀನು ನಿಯಮವನ್ನು ಮುಟ್ಟಿದೆಯಾ?

ಅಮೆರಿಕದಲ್ಲಿ ಬೈದವರು ಬೇಗ ಮರೆತರು. ಆದರೆ ಕೆಲವರು ನಿಯಮವನ್ನು ಹಿಡಿದು ಕೂತರು. ಸೀಟು ಬಿಡುವವರಿಗೆ 10,000 ಡಾಲರ್‌ವರೆಗೆ ಕೊಡುವುದಾಗಿ ಕಂಪನಿ ಒಪ್ಪಿತು. ಸುರಕ್ಷತೆಯ ಕಾರಣವಿಲ್ಲದೆ ಕೂತವರನ್ನು ಎಬ್ಬಿಸುವುದಿಲ್ಲ ಅಂದಿತು. 2018ರಲ್ಲಿ ಅಲ್ಲಿನ ಸಂಸತ್ತು, ಬೋರ್ಡಿಂಗ್ ಪಾಸ್ ಒಪ್ಪಿ ಹತ್ತಿಸಿಕೊಂಡ ಪ್ರಯಾಣಿಕನನ್ನು ಸೀಟು ಸಾಲದೆಂದು ಇಳಿಸಕೂಡದು ಎಂದು ಕಾನೂನಿನಲ್ಲೇ ಬರೆಯಿತು. ಇನ್ನು ಮುಂದೆ ಹೆಸರೇ ಗೊತ್ತಿಲ್ಲದ ಎಷ್ಟೋ ಜನ ನೆಮ್ಮದಿಯಾಗಿ ಕೂತು ಹೋಗುತ್ತಾರೆ. ಕೋಪಕ್ಕೆ ಇದಕ್ಕಿಂತ ಒಳ್ಳೆಯ ಗತಿ ಯಾವುದಿದೆ?

ಆ ತಾಯಿಯನ್ನು ನಾನು ಮತ್ತೆ ನೋಡಲಿಲ್ಲ. ಅವರ ಹೆಸರೂ ಗೊತ್ತಿಲ್ಲ. ಅವರ ವಿಡಿಯೋ ಯಾರೂ ತೆಗೆಯಲಿಲ್ಲ. ಅವತ್ತು ಸಭೆಯಲ್ಲಿ ನನ್ನ ಭಾಷಣಕ್ಕೆ ಚಪ್ಪಾಳೆ ಬಿತ್ತು. ಆ ಸದ್ದು ಈಗಲೂ ಒಮ್ಮೊಮ್ಮೆ ಕಿವಿಗೆ ಕಹಿಯಾಗಿ ಕೇಳುತ್ತದೆ. ಅಂದಿನಿಂದ ಬಸ್ಸಿನಲ್ಲಿ ಪಕ್ಕದ ಸೀಟಿನ ಮೇಲೆ ಬ್ಯಾಗ್ ಇಡುವುದನ್ನು ಬಿಟ್ಟಿದ್ದೇನೆ. ಸಣ್ಣದು. ಆದರೆ ನನ್ನ ಶೀಲ ನನಗೆ ಅಲ್ಲಿಂದಲೇ ಶುರು ಮಾಡಬೇಕಿತ್ತು.

ಇಂದಿನ ಅಭ್ಯಾಸ: ಇವತ್ತು ಯಾವುದಾದರೂ ವಿಡಿಯೋ ನೋಡಿ ಸಿಟ್ಟು ಬಂದರೆ, ಕಳಿಸುವ ಮುನ್ನ ಮೂರು ಉಸಿರು ತೆಗೆದುಕೊಳ್ಳಿ. ಕಳಿಸಬೇಕೆನಿಸಿದರೆ ಕಳಿಸಿ. ಆದರೆ ಸಂಜೆಯೊಳಗೆ ನಿಮ್ಮ ಬೀದಿಯಲ್ಲಿ, ಬಸ್ಸಿನಲ್ಲಿ, ಕೆಲಸದ ಜಾಗದಲ್ಲಿ ಯಾರನ್ನು ನಿಲ್ಲಿಸಿ ನೀವು ಕೂತಿದ್ದೀರಿ ಅಂತ ಒಮ್ಮೆ ತಿರುಗಿ ನೋಡಿ. ಕಂಡರೆ ಎದ್ದೇಳಿ.

ಭವತು ಸಬ್ಬ ಮಂಗಲಂ.
ಸಾಧು, ಸಾಧು, ಸಾಧು.
ಜೈಭೀಮ್.