ಇಂದಿನ ಧಮ್ಮ ಚಿಂತನೆ: ಗೆಳತಿಗಾಗಿ ಪ್ರಾಣ ಕೊಡುವುದು ಎಂದರೇನು?





ಒಳ್ಳೆಯ ಗೆಳೆತನವೆಂಬುದು ಧಮ್ಮಜೀವನದ ಅರ್ಧ ಭಾಗವಿದ್ದಂತೆ ಎಂದು ಆನಂದರು ಒಮ್ಮೆ ಭಗವಾನ್ ಬುದ್ಧರ ಮುಂದೆ ಹೇಳಿದರು. ಬುದ್ಧರು ಅಲ್ಲೇ ತಿದ್ದಿದರು. ಅದು ಅರ್ಧವಲ್ಲ, ಪೂರ್ತಿ ಎಂದರು. ಸಂಯುತ್ತ ನಿಕಾಯದ ಈ ಸುತ್ತವನ್ನು ನಾವು ವಂದನೆಯ ನಂತರ ಎಷ್ಟೋ ಸಲ ಕೇಳಿದ್ದೇವೆ. ಆದರೆ 17 ವರ್ಷದ ಮಗಳು ಗೆಳತಿಯೇ ನನ್ನ ಜೀವ ಎಂದಾಗ ಎಷ್ಟು ಮನೆಗಳಲ್ಲಿ ಈ ಸುತ್ತ ನೆನಪಾಗುತ್ತದೆ? ಒಬ್ಬರಿಗೆ ಬಡಿಗೆ ನೆನಪಾಗುತ್ತದೆ, ಇನ್ನೊಬ್ಬರಿಗೆ ವರ ನೆನಪಾಗುತ್ತಾನೆ.

ನಾನು ಭಾನುವಾರ ನಮ್ಮ ತಾಲೂಕಿನ ವಿಹಾರದಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತೇನೆ. ಅಲ್ಲಿಗೆ ಬರುವ ಒಬ್ಬಳ ವಿಷಯವನ್ನು, ಅವಳ ಮತ್ತು ಅವಳ ತಾಯಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಬರೆಯುತ್ತಿದ್ದೇನೆ. ಅವಳು ಪಿಯುಸಿ ಎರಡನೇ ವರ್ಷ, ನಮ್ಮ ಓಣಿಯವಳು. ಅವಳ ಗೆಳತಿ ಊರ ನಡುವಿನ ದೊಡ್ಡ ಮನೆಯವಳು. ಇಬ್ಬರದೂ ಒಂದೇ ಡಬ್ಬಿಯ ಊಟ. ರಾತ್ರಿ ಒಂದು ಗಂಟೆಯವರೆಗೆ ಕೌದಿಯೊಳಗೆ ಫೋನು. ಒಬ್ಬಳು ಬಸ್ಸಿನಲ್ಲಿ ಬೇರೆಯವಳ ಪಕ್ಕ ಕೂತಳೆಂದು ಇನ್ನೊಬ್ಬಳು ಎರಡು ದಿನ ಊಟ ಬಿಟ್ಟಳು.

ಫೋನು ದೊಡ್ಡ ಮನೆಯವರ ಕೈಗೆ ಸಿಕ್ಕಿತು. ಹುಡುಗಿ ಹುಡುಗಿಯನ್ನು ಇಷ್ಟು ಹಚ್ಚಿಕೊಂಡಿದ್ದಾಳೆ ಎಂಬುದು ಅವರಿಗೆ ಒಂದು ಸಿಟ್ಟು. ಆ ಹುಡುಗಿ ನಮ್ಮ ಓಣಿಯವಳು ಎಂಬುದು ಇನ್ನೂ ದೊಡ್ಡ ಸಿಟ್ಟು. ಕಾಲೇಜು ಬಿಡಿಸಿ ಮದುವೆ ಮಾಡುವ ಮಾತು ಎದ್ದಿತು. ಅಗಲಿಸಿದರೆ ಇಬ್ಬರೂ ಕೂಡಿಯೇ ಸಾಯುವುದೆಂದು ಹುಡುಗಿಯರು ಆಣೆ ಮಾಡಿಕೊಂಡರು. ನಮ್ಮವಳು ಅದನ್ನು ನನಗೆ ಹೇಳಿದಳು. ಹೇಳಿ, ನನ್ನನ್ನೇ ಕೇಳಿದಳು:

"ಗೆಳತಿ ಸಲುವಾಗಿ ಜೀವಾನೂ ಕೊಡಬೇಕಂತ ಸಿಗಾಲೋವಾದದಾಗ ಐತೆಲ್ರಿ ಅಕ್ಕೋರೆ?"

ಐತಿ, ನಿಜ. ಸಿಗಾಲನೆಂಬ ಯುವಕನಿಗೆ ಬುದ್ಧರು ರಾಜಗೃಹದಲ್ಲಿ ಹೇಳಿದ ಸುತ್ತ ಅದು. ಸುಖದುಃಖದಲ್ಲಿ ಒಂದೇ ಸಮನಾಗಿರುವ ಗೆಳೆಯನಿಗೆ ಅಲ್ಲಿ ನಾಲ್ಕು ಗುರುತುಗಳಿವೆ. ತನ್ನ ಗುಟ್ಟು ಹೇಳುತ್ತಾನೆ, ಗೆಳೆಯನ ಗುಟ್ಟು ಕಾಯುತ್ತಾನೆ, ಆಪತ್ತಿನಲ್ಲಿ ಕೈಬಿಡುವುದಿಲ್ಲ, ಗೆಳೆಯನ ಹಿತಕ್ಕಾಗಿ ಪ್ರಾಣವನ್ನೂ ಬಿಡುತ್ತಾನೆ.

ಪುಸ್ತಕ ತೆಗೆದು ಇಬ್ಬರೂ ಕೂಡಿ ಓದಿದೆವು. "ಹಿತಕ್ಕಾಗಿ" ಎಂಬ ಪದದ ಮೇಲೆ ಬೆರಳಿಟ್ಟು ಕೇಳಿದೆ: ನೀನು ಸತ್ತರೆ ಅವಳಿಗೆ ಏನು ಹಿತ? ಅವಳು ಸತ್ತರೆ ನಿನಗೆ ಏನು ಹಿತ? ಅವಳು ಬಹಳ ಹೊತ್ತು ಸುಮ್ಮನಿದ್ದಳು. ಅದೇ ಸುತ್ತದಲ್ಲಿ ಮುಂದೆ ಹಿತ ಹೇಳುವ ಗೆಳೆಯನ ಮಾತು ಬರುತ್ತದೆ. ಅವನ ಮೊದಲ ಗುರುತು, ಕೇಡಿನಿಂದ ತಡೆಯುವುದು. ಇನ್ನು ಗುಟ್ಟಿನ ಮಾತು. ಗೆಳತಿ ಯಾಕೆ ಅತ್ತಳು, ಯಾರನ್ನು ಇಷ್ಟಪಟ್ಟಳು, ಆ ಗುಟ್ಟು ಕಾಯಬೇಕು. ಸಾಯುತ್ತೇನೆ ಎಂಬ ಗುಟ್ಟನ್ನು ಕಾದರೆ ಗೆಳತಿಯೇ ಉಳಿಯುವುದಿಲ್ಲ. ಈ ಒಂದು ಮಾತನ್ನು ಮಾತ್ರ ನಿನ್ನ ಅವ್ವನಿಗೆ ಹೇಳುತ್ತೇನೆ ಎಂದು ಅವಳಿಗೆ ಮೊದಲೇ ತಿಳಿಸಿ, ಅವಳ ಎದುರಿಗೇ ಹೇಳಿದೆ.

ಅವ್ವ ಅತ್ತರು. ಆಮೇಲೆ ಕೇಳಿದರು: "ಇದು ಬರೇ ಗೆಳೆತನ ಏನ್ರಿ, ಮತ್ತೇನರ ಐತಿ?"

ನಾನು ಹೇಳಿದ್ದು ಇಷ್ಟು. ಇದಕ್ಕೆ ಹೆಸರಿಡಲು ನಮಗೆ ಅವಸರ ಬೇಡ, ಅವಳಿಗಿನ್ನೂ 17. ದೊಡ್ಡವಳಾದ ಮೇಲೆ ಅದು ಪ್ರೀತಿಯೆಂದೇ ಅವಳಿಗೆ ತಿಳಿದರೂ ಅಪರಾಧವಲ್ಲ. ವಯಸ್ಕರ ವಿಷಯದಲ್ಲಿ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ಹಾಗೆ ಹೇಳಿದೆ. 18 ತುಂಬದ ಹುಡುಗಿಯ ಮದುವೆ ಮಾಡಿಸುವುದೇ 2006ರ ಕಾಯ್ದೆಯ ಪ್ರಕಾರ ಅಪರಾಧ. ಬಾಬಾಸಾಹೇಬರು 1942ರ ಜುಲೈ 20ರಂದು ನಾಗಪುರದ ಮಹಿಳಾ ಪರಿಷತ್ತಿನಲ್ಲಿ, ಮಕ್ಕಳ ಮದುವೆಗೆ ಅವಸರ ಮಾಡಬೇಡಿ ಎಂದು ನಮ್ಮ ತಾಯಂದಿರಿಗೇ ಹೇಳಿದ್ದರು.

ಈ ಗೆಳೆತನದಲ್ಲಿ ಬೆಳಕೂ ಇದೆ, ಬೆಂಕಿಯೂ ಇದೆ. ಸ್ವಾತಂತ್ರ್ಯ, ಸಮಾನತೆ, ಬಂಧುತ್ವಗಳನ್ನು ನಾನು ನನ್ನ ಗುರು ಬುದ್ಧನಿಂದ ಪಡೆದೆ ಎಂದು ಬಾಬಾಸಾಹೇಬರು 1954ರಲ್ಲಿ ಆಕಾಶವಾಣಿಯಲ್ಲಿ ಹೇಳಿದರು. ಎರಡು ಓಣಿಯ ಹುಡುಗಿಯರು ಒಂದೇ ಡಬ್ಬಿಯಲ್ಲಿ ಉಣ್ಣುವುದು ಆ ಬಂಧುತ್ವವೇ. ಕೋಸಂಬಿಯಲ್ಲಿ ದಾಸಿ ಖುಜ್ಜುತ್ತರಾ ಬುದ್ಧರ ಮಾತು ಕೇಳಿ ಬಂದಾಗ, ರಾಣಿ ಸಾಮಾವತಿ ಅವಳನ್ನು ಎತ್ತರದ ಆಸನದಲ್ಲಿ ಕೂರಿಸಿ ತಾನು ಕೆಳಗೆ ಕೂತು ಧಮ್ಮ ಕೇಳಿದಳು. ಆದರೆ ಬೇರೆಯವಳ ಪಕ್ಕ ಕೂರಬೇಡ ಎನ್ನುವುದು, ಊಟ ಬಿಡುವುದು, ಸಾಯುವ ಆಣೆ, ಇವು ಉಪಾದಾನ, ಅಂದರೆ ಬಿಗಿಹಿಡಿತ. ಮೈತ್ರಿಯು ಗೆಳತಿಗೆ ಉಸಿರಾಡಲು ಜಾಗ ಬಿಡುತ್ತದೆ.

ಅದೇ ಸಾಮಾವತಿ ಬೆಂಕಿಯಲ್ಲಿ ಸತ್ತಾಗ ಅವಳ ಪ್ರಾಣಗೆಳತಿ ಸಾಮಾ ದುಃಖದಲ್ಲೇ ಭಿಕ್ಖುಣಿಯಾದಳು. ಮನಸ್ಸು ನಿಲ್ಲದೆ ನಾಲ್ಕೈದು ಸಲ ವಿಹಾರದಿಂದ ಹೊರಗೆ ನಡೆದಳು. ಕೊನೆಗೆ ಆನಂದರ ಉಪದೇಶ ಕೇಳಿ ಶಾಂತಳಾದಳು. ಥೇರಿಗಾಥೆಯಲ್ಲಿ ಅವಳ ಗಾಥೆ ಇಂದಿಗೂ ಉಳಿದಿದೆ. ಅವಳು ಬದುಕಿದ್ದರಿಂದ ಉಳಿದಿದೆ. ಈ ಕಥೆಯನ್ನು ನಮ್ಮ ಹುಡುಗಿ ಮೂರು ಸಲ ಹೇಳಿಸಿಕೊಂಡಳು. ಮೂರನೆಯ ಸಲ ಗೆಳತಿಗೂ ಹೇಳುತ್ತೇನೆ ಎಂದಳು.

ಈಗ ನಮ್ಮವಳ ಫೋನು ರಾತ್ರಿ ಅಡುಗೆಮನೆಯ ಗೂಡಿನಲ್ಲಿರುತ್ತದೆ. ಇನ್ನೊಂದು ಮನೆಗೆ ನಮ್ಮ ಮಾತು ನಡೆಯುವುದಿಲ್ಲ. ಕಾಲೇಜಿನ ಉಪನ್ಯಾಸಕಿಯೊಬ್ಬರು ಹೋಗಿ ಕಾಯ್ದೆ ತಿಳಿಸಿ ಬಂದರು. ಮದುವೆ ಮಾತು ಸದ್ಯಕ್ಕೆ ನಿಂತಿದೆ. ಇಬ್ಬರೂ ಪರೀಕ್ಷೆಗೆ ಓದುತ್ತಿದ್ದಾರೆ. ಮುಂದಿನದಕ್ಕೆ ನಾವು ಎಚ್ಚರವಾಗಿರಬೇಕು.

*ಇಂದಿನ ಅಭ್ಯಾಸ:*
ಮಗಳ ಗೆಳತಿಯ ಹೆಸರು ಕೇಳಿ ತಿಳಿಯಿರಿ. ಒಂದು ದಿನ ಅವಳನ್ನು ಊಟಕ್ಕೆ ಕರೆಯಿರಿ. ಅವರ ಗೆಳೆತನವನ್ನು ನಾಲ್ಕು ಜನರೆದುರು ಆಡಿಕೊಳ್ಳಬೇಡಿ. ಸಾಯುವ ಮಾತು ಬಂದರೆ ಬೈಯಬೇಡಿ, ಒಂಟಿಯಾಗಿ ಬಿಡಬೇಡಿ, ಕೂತು ಕೇಳಿ. ಟೆಲಿ ಮಾನಸ್ 14416, ಮಕ್ಕಳ ಸಹಾಯವಾಣಿ 1098. ಎರಡೂ ಉಚಿತ. ಈ ಎರಡು ನಂಬರನ್ನು ಮಗಳ ಫೋನಿನಲ್ಲೂ ಹಾಕಿಕೊಡಿ.

ಎಲ್ಲ ಹೆಣ್ಣುಮಕ್ಕಳೂ ನಿರ್ಭಯವಾಗಿ ಬಾಳಲಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.