ಹಾಲು ಬಿಡದ ಮರಿ

ಜೀವನಿಗೂ ಭಗವಂತನಿಗೂ ಇರುವ ಸಂಬಂಧವನ್ನು ನಿರೂಪಿಸಲು ನಮ್ಮ ವೇದಾಂತಿಗಳು ಆರಿಸಿಕೊಂಡ ದೃಷ್ಟಾಂತಗಳಲ್ಲಿ ಸಮುದ್ರ, ಸೂರ್ಯ, ಆಕಾಶಗಳಂಥ ಘನವಸ್ತುಗಳೇ ಹೆಚ್ಚಾಗಿರುವಾಗ, ಶ್ರೀವೈಷ್ಣವರು ಒಲೆಯ ಮಗ್ಗುಲಲ್ಲಿ ಮಲಗುವ ಬೆಕ್ಕನ್ನೂ ಹೆಂಚಿನ ಮೇಲೆ ಹಾರಾಡುವ ಕೋತಿಯನ್ನೂ ಕರೆತಂದು ಶಾಸ್ತ್ರಸಭೆಯಲ್ಲಿ ಕುಳ್ಳಿರಿಸಿದರೆಂಬುದು ನನಗೆ ಯಾವಾಗಲೂ ಸಂತೋಷಕರವಾದ ಸಂಗತಿ. ಕೋತಿಯ ಮರಿ ತಾಯಿಯ ಉದರವನ್ನು ತಾನೇ ಬಿಗಿಯಾಗಿ ಅಪ್ಪಿಕೊಂಡಿರಬೇಕು. ಬೆಕ್ಕಿನ ಮರಿಗೆ ಆ ಶ್ರಮವಿಲ್ಲ, ತಾಯಿಯೇ ಅದರ ಕತ್ತನ್ನು ಮೃದುವಾಗಿ ಕಚ್ಚಿ ಬೇಕಾದೆಡೆಗೆ ಒಯ್ಯುವುದು. ಶ್ರೀವೈಷ್ಣವರ ಎರಡು ಪಂಗಡಗಳಲ್ಲಿ, ಕೃಪೆ ಭಗವಂತನದೇ ಆದರೂ ಅದು ಹರಿದುಬರಲು ಜೀವನ ಕಡೆಯಿಂದ ಒಂದು ವ್ಯಾಜವಾದರೂ ಬೇಕೆಂಬ ವಡಗಲೆಯವರದು ಮರ್ಕಟಕಿಶೋರ ನ್ಯಾಯವೆಂದೂ, ಕೃಪೆ ನಿರ್ಹೇತುಕವಾದುದು, ಅದನ್ನು ತಡೆಯದಿರುವುದಷ್ಟೇ ಜೀವನ ಪಾಲಿನ ಕೆಲಸವೆಂಬ ತೆಂಗಲೆಯವರದು ಮಾರ್ಜಾಲಕಿಶೋರ ನ್ಯಾಯವೆಂದೂ ಪ್ರಸಿದ್ಧಿ. ವೇದಾಂತ ದೇಶಿಕರ ಪರಂಪರೆಯನ್ನು ಹಿಡಿದ ಮೈಸೂರಿನ ಪರಕಾಲ ಮಠದವರು ಒಂದು ಕಡೆ, ಪಿಳ್ಳೈ ಲೋಕಾಚಾರ್ಯರ ಶ್ರೀವಚನಭೂಷಣವನ್ನು ಶಿರಸಾವಹಿಸಿದವರು ಇನ್ನೊಂದು ಕಡೆ. ದೇವಾಲಯದ ಆನೆಯ ಹಣೆಗೆ ಯಾವ ನಾಮವಿಡಬೇಕೆಂದು ಜಗಳವಾಡಿದವರೂ ಇವರೇ ಎಂಬುದನ್ನು ನೆನೆದರೆ, ಬೆಕ್ಕು ಕೋತಿಗಳ ಪಾಡು ಮೇಲು.

ಈ ವಿವಾದದಲ್ಲೆಲ್ಲ ಕಾಣಿಸಿಕೊಳ್ಳುವ ಬೆಕ್ಕಿನ ಮರಿ ಸದಾ ಎಳೆಯದೇ. ಶ್ರೀರಾಮಕೃಷ್ಣ ಪರಮಹಂಸರು ಇದೇ ದೃಷ್ಟಾಂತವನ್ನು ತಮ್ಮ ಶಿಷ್ಯರಿಗೆ ಹೇಳಿದಾಗಲೂ ಆ ಮರಿ ಮಿಯಾಂ ಎಂದು ಕೂಗುವುದನ್ನಲ್ಲದೆ ಬೇರೇನನ್ನೂ ಅರಿಯದು. ಆದರೆ ಮರಿ ಬೆಳೆಯುತ್ತದಷ್ಟೆ? ತಾಯಿಯ ಗಾತ್ರಕ್ಕೆ ಹತ್ತಿರ ಹತ್ತಿರವಾಗಿ ಬೆಳೆದ ಆರು ತಿಂಗಳ ಮರಿಯೊಂದು ತಾಯಿಯನ್ನು ಅಡ್ಡಗಟ್ಟಿ, ಅದರ ಹೊಟ್ಟೆಯ ಕೆಳಗೆ ಮೂತಿಯನ್ನು ತೂರಿಸಿ, ಮುಂಗಾಲುಗಳಿಂದ ಒತ್ತುತ್ತ, ಕಣ್ಣು ಮುಚ್ಚಿ ಗುರುಗುಟ್ಟುತ್ತ ಹಾಲು ಕುಡಿಯುವ ದೃಶ್ಯವನ್ನು ಬೆಕ್ಕು ಸಾಕಿದವರು ಬಲ್ಲರು. ಕೆಲವರು ನಗುವರು, ಕೆಲವರು ಇದೇನು ಲಜ್ಜೆಗೇಡಿಯೆಂದು ಗದರಿಸಿ ಓಡಿಸುವರು. ಈ ಮರಿಯನ್ನು ಸಭೆಗೆ ಕರೆತಂದರೆ ನ್ಯಾಯದ ಗತಿಯೇನೆಂಬುದು ನನ್ನ ಪ್ರಶ್ನೆ.

ಪ್ರಾಣಿಶಾಸ್ತ್ರಜ್ಞರು ಬೆಕ್ಕಿನ ಸ್ತನ್ಯಪಾನದಲ್ಲಿ ಮೂರು ಅವಸ್ಥೆಗಳನ್ನು ಗುರುತಿಸಿದ್ದಾರೆ. ಮೊದಲ ಸುಮಾರು ಮೂರು ವಾರ ತಾಯಿಯೇ ಮರಿಗಳಿದ್ದೆಡೆಗೆ ಬಂದು, ಅವುಗಳನ್ನು ಬಳಸಿ ಮಲಗಿ, ಹಾಲೂಡುತ್ತದೆ. ಹುಟ್ಟಿದಾಗ ಮುಚ್ಚಿದ್ದ ಕಣ್ಣುಗಳು ಎರಡನೆಯ ವಾರದಲ್ಲಿ ತೆರೆಯುವುದಕ್ಕೆ ಮುನ್ನವೇ ಮರಿಗಳು ಬಹುಮಟ್ಟಿಗೆ ತಮ್ಮ ತಮ್ಮ ಮೊಲೆಯನ್ನು ಆರಿಸಿಕೊಂಡಿರುತ್ತವೆ. ಆಮೇಲೆ ಕೆಲವು ದಿನ ಒಮ್ಮೆ ತಾಯಿ ಬರುವುದು, ಒಮ್ಮೆ ಮರಿ ಹೋಗುವುದು. ಐದನೆಯ ವಾರದ ಹೊತ್ತಿಗೆ ಎಲ್ಲವೂ ತಿರುವುಮುರುವು: ಹುಡುಕುವ ಭಾರ ಮರಿಯದು, ತಪ್ಪಿಸಿಕೊಳ್ಳುವ ಉಪಾಯ ತಾಯಿಯದು. ಅದು ಮೊಲೆ ಸಿಕ್ಕದಂತೆ ಹೊಟ್ಟೆಯನ್ನು ನೆಲಕ್ಕೊತ್ತಿ ಕುಳಿತುಕೊಳ್ಳುತ್ತದೆ, ಮರಿಗೆ ಏರಲಾಗದ ಎತ್ತರಕ್ಕೆ ಹೋಗಿ ಮಲಗುತ್ತದೆ. ಹಾಗೆಂದು ಮರಿಯನ್ನು ಬರಿಹೊಟ್ಟೆಯಲ್ಲಿ ಬಿಡದೆ, ಮೊದಲು ಸತ್ತ ಇಲಿಯನ್ನೂ ಅನಂತರ ಅರೆಜೀವದ ಇಲಿಯನ್ನೂ ತಂದು ಅದರ ಮುಂದಿಡುತ್ತದೆ. ಎಂಟನೆಯ ವಾರಕ್ಕೆ ಸಾಮಾನ್ಯವಾಗಿ ಹಾಲಿನ ಅಧ್ಯಾಯ ಮುಗಿಯುತ್ತದೆ. ಕತ್ತು ಹಿಡಿದೊಡನೆ ಕಾಲು ಬಾಲಗಳನ್ನು ಮುದುಡಿಕೊಂಡು ನಿಶ್ಚೇಷ್ಟಿತವಾಗುವ ಆ ಪ್ರಸಿದ್ಧವಾದ ಶರಣಾಗತಿಯೂ ಬೆಳೆದಂತೆಲ್ಲ ಕ್ಷೀಣಿಸುತ್ತದೆ. ಹೀಗೆ ನೋಡಿದರೆ, ಯಾವ ಎರಡು ನ್ಯಾಯಗಳಿಗಾಗಿ ಎರಡು ಸಂಪ್ರದಾಯಗಳು ಶತಮಾನಗಳುದ್ದಕ್ಕೂ ಸೆಣಸಿದವೋ ಅವೆರಡೂ ಒಂದೇ ಬೆಕ್ಕಿನ ಎರಡು ತಿಂಗಳ ಬಾಳಿನಲ್ಲಿ ಒಂದಾದಮೇಲೊಂದು ನಡೆದುಹೋಗುತ್ತವೆ. ಮರ್ಕಟನ್ಯಾಯಕ್ಕಾಗಿ ಮರಕ್ಕೆ ಹೋಗಬೇಕಾದ ಆವಶ್ಯಕತೆಯೇ ಇರಲಿಲ್ಲ.

ಎಂಟು ವಾರಕ್ಕೆ ಮುಗಿಯಿತೆಂಬ ಮಾತೂ ಪ್ರಾಯಿಕವಾದುದೇ. ಮರಿಗಳಲ್ಲಿ ಒಂದೇ ಉಳಿದಿದ್ದರೆ, ತಾಯಿ ಮತ್ತೆ ಗರ್ಭ ಧರಿಸದಿದ್ದರೆ, ಅದು ತಿಂಗಳುಗಟ್ಟಲೆ ಹಾಲೂಡಿಸಬಹುದು. ಹೊಸ ಮರಿಗಳ ಸಾಲಿನಲ್ಲಿ ಹಿಂದಿನ ಸೂಲಿನ ದೊಡ್ಡ ಮರಿ ತಾನೂ ಹೋಗಿ ಮಲಗುವುದುಂಟು. ಎಷ್ಟೋ ಸಲ ಅಲ್ಲಿ ಹಾಲೇ ಇರುವುದಿಲ್ಲ.

ಧರ್ಮವಿಮರ್ಶಕರು ಭಕ್ತನನ್ನು ಹಿಡಿಯುವುದು ಇಲ್ಲಿಯೇ. ಇಮ್ಯಾನ್ಯುಯಲ್ ಕ್ಯಾಂಟನು 1784ರಲ್ಲಿ ಜ್ಞಾನೋದಯವೆಂದರೇನೆಂಬ ಪ್ರಶ್ನೆಗೆ ಉತ್ತರ ಬರೆಯುತ್ತ, ಮನುಷ್ಯನು ತಾನಾಗಿಯೇ ತಂದುಕೊಂಡ ಅಪ್ರಾಪ್ತವಯಸ್ಕತೆಯಿಂದ ಹೊರಬರುವುದೇ ಅದೆಂದನು. 1927ರಲ್ಲಿ ಸಿಗ್ಮಂಡ್ ಫ್ರಾಯ್ಡನು, ಶೈಶವದ ಅಸಹಾಯತೆಯೇ ಮುಂದೆ ಜಗತ್ಪಿತನ ಕಲ್ಪನೆಗೆ ಮೂಲವೆಂದೂ, ಮನುಷ್ಯನು ಎಂದೆಂದಿಗೂ ಮಗುವಾಗಿರಲಾಗದೆಂದೂ ವಾದಿಸಿದನು. ಅವರ ದೃಷ್ಟಿಯಲ್ಲಿ, ಭಗವಂತನಿಗೆ ಶರಣಾದ ಪ್ರಪನ್ನನೆಂಬವನು ಹಾಲು ಬಿಡದ ಆ ದೊಡ್ಡ ಮರಿಯಲ್ಲದೆ ಮತ್ತಾರು? ಈ ಆಕ್ಷೇಪವನ್ನು ಪಾಶ್ಚಾತ್ಯರ ನಾಸ್ತಿಕ್ಯವೆಂದು ತಳ್ಳಿಬಿಡುವುದು ಸುಲಭ, ನ್ಯಾಯವಲ್ಲ. ಎಲ್ಲವೂ ಅವನಿಚ್ಛೆ ಎಂದು ಹೇಳಿ ತನ್ನ ಮನೆಯ ಸೂರು ಸೋರುವುದನ್ನೂ ತನ್ನ ಮಕ್ಕಳು ಓದದಿರುವುದನ್ನೂ ನೋಡುತ್ತ ಕುಳಿತ ಭಕ್ತರು ನಮ್ಮಲ್ಲಿ ಉಂಟು.

ಆದರೂ ಆಕ್ಷೇಪ ಮಾಡಿದವರು ಆ ದೊಡ್ಡ ಮರಿಯನ್ನು ಸರಿಯಾಗಿ ನೋಡಿದವರಲ್ಲ. ಹಾಲು ಬಿಡದ ಮರಿ ಬೇಟೆ ಕಲಿಯದ ಮರಿಯೆಂದು ಅವರು ಊಹಿಸಿಕೊಳ್ಳುತ್ತಾರೆ. ವಾಸ್ತವದಲ್ಲಿ ಅದೇ ಮರಿ ಹಗಲೆಲ್ಲ ಅಟ್ಟದ ಮೇಲೆ ಹೊಂಚುಹಾಕಿ, ಹಲ್ಲಿ ಇಲಿಗಳನ್ನು ತಾನೇ ಹಿಡಿದು ತಿಂದು, ಯಾರ ಹಂಗೂ ಇಲ್ಲದೆ ತಿರುಗಿ, ಸಂಜೆ ತಾಯಿಯ ಮಗ್ಗುಲಿಗೆ ಬರಬಲ್ಲದು. ಸಾಮರ್ಥ್ಯವೂ ಆಶ್ರಯವೂ ಒಂದೇ ಮೈಯಲ್ಲಿ, ಒಂದನ್ನೊಂದು ಬಾಧಿಸದೆ ಇರಬಲ್ಲವೆಂಬುದಕ್ಕೆ ಇದಕ್ಕಿಂತ ಪ್ರತ್ಯಕ್ಷವಾದ ಪ್ರಮಾಣ ಬೇಕಿಲ್ಲ. ಪ್ರಮಾಣವನ್ನು ಚರಿತ್ರೆಯಿಂದಲೇ ಕೇಳುವವರಿಗೆ ಲೋಕಾಚಾರ್ಯರ ಕಡೆಯ ದಿನಗಳನ್ನು ನೆನಪಿಸುವೆನು. 14ನೆಯ ಶತಮಾನದಲ್ಲಿ ದಿಲ್ಲಿಯ ಸೈನ್ಯ ಶ್ರೀರಂಗದ ಮೇಲೆ ಬಿದ್ದಾಗ, ಭಗವಂತನೇ ಜೀವನನ್ನು ಎತ್ತಿಕೊಂಡೊಯ್ಯುವನೆಂದು ಬಾಳೆಲ್ಲ ಬೋಧಿಸಿದ ಆ ವಯೋವೃದ್ಧ ಆಚಾರ್ಯರು ರಂಗನಾಥನ ಉತ್ಸವಮೂರ್ತಿಯೊಡನೆ ಕಾಡುದಾರಿ ಹಿಡಿದು, ಮಧುರೆಯ ಸಮೀಪದಲ್ಲಿ ದೇಹ ಬಿಟ್ಟರೆಂದು ಸಂಪ್ರದಾಯ ಹೇಳುತ್ತದೆ. ಎತ್ತಿಕೊಳ್ಳುವವನನ್ನೇ ಎತ್ತಿಕೊಂಡು ಹೋದವರನ್ನು ಸೋಮಾರಿಗಳೆನ್ನುವುದು ಹೇಗೆ? ಅದೇ ಕಾಲದಲ್ಲಿ ದೇಶಿಕರು ಶ್ರುತಪ್ರಕಾಶಿಕೆಯೆಂಬ ಗ್ರಂಥದ ಓಲೆಗಳನ್ನು ರಕ್ಷಿಸಿಕೊಂಡು ನಮ್ಮ ಕೊಳ್ಳೇಗಾಲದ ಸೀಮೆಯ ಸತ್ಯಾಗಾಲಕ್ಕೆ ಬಂದು ನೆಲಸಿದ್ದರೆಂದು ಪ್ರತೀತಿ. ವಿಪತ್ಕಾಲದಲ್ಲಿ ಬೆಕ್ಕಿನ ಪಕ್ಷವೂ ಕೋತಿಯ ಪಕ್ಷವೂ ನಡೆದ ನಡೆ ಒಂದೇ.

ಇನ್ನು ದೃಷ್ಟಾಂತ ಮುರಿಯುವ ಸ್ಥಳವೊಂದಿದೆ, ಅದನ್ನು ಮರೆಮಾಚಬಾರದು. ತಾಯಿಬೆಕ್ಕು ಮರಿಯನ್ನು ದೂರಮಾಡುವುದು ಮರಿಯ ಹಿತಕ್ಕಾಗಿ ಮಾತ್ರವಲ್ಲ. ರಾಬರ್ಟ್ ಟ್ರಿವರ್ಸ್ ಎಂಬ ಜೀವವಿಜ್ಞಾನಿ 1974ರಲ್ಲಿ ವಿವರಿಸಿದಂತೆ, ತಾಯಿಗೆ ಇಂದಿನ ಮರಿಯೂ ನಾಳೆ ಹುಟ್ಟಲಿರುವ ಮರಿಯೂ ರಕ್ತಸಂಬಂಧದಲ್ಲಿ ಸಮಾನ. ಮರಿಗಾದರೋ ತನಗಿಂತ ಹತ್ತಿರದವರು ಯಾರೂ ಇಲ್ಲ. ಆದಕಾರಣ ತಾಯಿ ನಿಲ್ಲಿಸಬೇಕೆನ್ನುವ ಕಾಲಕ್ಕೂ ಮರಿ ನಿಲ್ಲಿಸಲೊಪ್ಪುವ ಕಾಲಕ್ಕೂ ನಡುವೆ ಒಂದು ಘರ್ಷಣೆ ಅನಿವಾರ್ಯ. ಇದು ಹಾಲಿಗೂ ದೇಹಬಲಕ್ಕೂ ಮಿತಿಯಿರುವ ತಾಯಿಯ ಕಷ್ಟ. ಬಯಕೆಗಳೆಲ್ಲ ಈಡೇರಿದವನು, ಅವಾಪ್ತಸಮಸ್ತಕಾಮನೆಂದು ನಾವು ಕರೆಯುವ ಭಗವಂತನಿಗೆ ಆ ಕಷ್ಟವೆಲ್ಲಿಯದು? ಒಬ್ಬನಿಗೆ ಕೊಟ್ಟುದರಿಂದ ಇನ್ನೊಬ್ಬನಿಗೆ ಕಡಮೆಯಾಗದೆಂಬ ಕಡೆ, ಇಷ್ಟು ವಯಸ್ಸಾಯಿತು ಸಾಕು ಬಿಡು ಎಂದು ಹೇಳಲು ಕಾರಣವೇ ಇಲ್ಲ. ಹಾಗಾದುದರಿಂದಲೇ ಶ್ರೀವೈಷ್ಣವರು ಪಾರತಂತ್ರ್ಯವನ್ನು ಬಾಲ್ಯದ ಒಂದು ಅವಸ್ಥೆಯೆಂದೆಣಿಸದೆ ಜೀವನ ಸ್ವರೂಪವೆಂದೇ ಎಣಿಸಿದರು. ಮೋಕ್ಷದಲ್ಲಿಯೂ ಅವರಿಗೆ ಬೇಕಾದುದು ಸ್ವಾತಂತ್ರ್ಯವಲ್ಲ, ಕೈಂಕರ್ಯ. ಪಡೆಯುವುದಕ್ಕೇನೂ ಉಳಿಯದ ಮೇಲೆಯೂ ಸನ್ನಿಧಿಯನ್ನು ಬಯಸುವ ಈ ಭಾವವನ್ನು, ಹಾಲಿಲ್ಲದ ಮೊಲೆಯನ್ನು ಹುಡುಕಿ ಬರುವ ಮರಿಯಲ್ಲದೆ ಎಳೆಯ ಮರಿ ತೋರಿಸಿಕೊಡಲಾರದು. ಎಳೆಯದಕ್ಕೆ ಹಸಿವೆಯೂ ಪ್ರೀತಿಯೂ ಬೇರೆಯಾಗಿ ಕಾಣಿಸುವ ಕಾಲವಿನ್ನೂ ಬಂದಿರುವುದಿಲ್ಲ.

ಇದರೊಡನೆ ಒಂದು ಎಚ್ಚರಿಕೆಯ ಮಾತನ್ನೂ ಸೇರಿಸಬೇಕು. ದುಃಖ ಬಂದವರಿಗೆಲ್ಲ, ದೇವರು ನಿಮ್ಮನ್ನು ಹಾಲು ಬಿಡಿಸಿ ಗಟ್ಟಿಮಾಡುತ್ತಿದ್ದಾನೆಂದು ಸಮಾಧಾನ ಹೇಳುವ ಪುರಾಣಿಕರಿದ್ದಾರೆ. ಮಗುವನ್ನು ಕಳೆದುಕೊಂಡ ತಾಯಿಯ ಮುಂದೆ ಆ ಮಾತನ್ನಾಡುವುದು ಕ್ರೌರ್ಯವೆಂದೇ ನನ್ನ ಅಭಿಪ್ರಾಯ. ಬೆಕ್ಕು ಮೊಲೆಯನ್ನು ಮರೆಮಾಡಿದಾಗ ಇಲಿಯನ್ನು ತಂದು ಮುಂದಿಡುವುದು. ಏನನ್ನೂ ಮುಂದಿಡದೆ ಬರಿದೇ ಕಿತ್ತುಕೊಂಡುದನ್ನು ಆ ಹೆಸರಿನಿಂದ ಕರೆಯಲು ಬೆಕ್ಕಿನ ದೃಷ್ಟಾಂತ ಅನುಮತಿ ಕೊಡದು.

ಮನೆಯಲ್ಲಿ ಇಂಥ ತಾಯಿಯೂ ಮರಿಯೂ ಇರುವವರಲ್ಲಿ ನನ್ನ ವಿನಂತಿ ಇಷ್ಟು: ಮರಿಯ ವಯಸ್ಸನ್ನು ಎಣಿಸಿ ಅದನ್ನು ಬೇರ್ಪಡಿಸಲು ಆತುರಪಡಬೇಡಿ. ತಾಯಿಯ ಮೈಯನ್ನು ನೋಡಿ. ಅದು ಬಡವಾಗಿದ್ದರೆ, ಮೊಲೆ ಗಾಯಗೊಂಡಿದ್ದರೆ, ಮತ್ತೆ ಗರ್ಭ ನಿಂತಿದ್ದರೆ, ಅದಕ್ಕೆ ಪ್ರತ್ಯೇಕವಾಗಿ ಊಟವಿಟ್ಟು ಮರಿಗೆ ನಿಲುಕದ ಒಂದು ಜಾಗವನ್ನು ಮಾಡಿಕೊಡಿ. ಹಾಗಿಲ್ಲದಿದ್ದರೆ ಆ ತೀರ್ಮಾನವನ್ನು ತಾಯಿಗೇ ಬಿಡಿ.